ಮಣಿ ಪೋಣಿಸಿದ ಮೆರಿಫೀಲ್ಡ್

ಅಪ್ಪನಿಗೆ ವರ್ಗವಾಯಿತೆಂದು ಶಾಲೆ ಬದಲಿಸಿ ಬೇಸರಪಡುವ ಮಕ್ಕಳು ನಮ್ಮಲ್ಲಿ ಹಲವರಿದ್ದಾರೆ. ಬ್ರೂಸ್ ಮೆರಿಫೀಲ್ಡ್ ಹೈಸ್ಕೂಲು ಮುಗಿಸುವಷ್ಟರಲ್ಲಿ ಸುಮಾರು 40 ಶಾಲೆಗಳನ್ನು ಕಂಡಿದ್ದರು! ಹುಟ್ಟಿದ್ದು 1921ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕುಟುಂಬ ಕ್ಯಾಲಿಫೋರ್ನಿಯಾದ ಊರೂರು ಸುತ್ತಿತು. 1949ರಲ್ಲಿ ಡಾಕ್ಟರೇಟ್ ಪಡೆದ ಮರುದಿನವೇ ಮದುವೆ; ಅದರ ಮರುದಿನ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಗೆ ಪ್ರಯಾಣ.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಆಗ ಒಂದೊಂದು ಮಣಿ ಸೇರಿಸಿದಾಗಲೂ ಶುದ್ಧೀಕರಿಸಬೇಕಿತ್ತು. ಪ್ರತಿ ಸಲವೂ ಒಂದಷ್ಟು ವಸ್ತು ಪೋಲಾಗುತ್ತಿತ್ತು. 1959ರಲ್ಲಿ ಮೆರಿಫೀಲ್ಡರಿಗೆ ಉಪಾಯವೊಂದು ಹೊಳೆಯಿತು. ಮೊದಲ ಮಣಿಯನ್ನು ಕರಗದ ಪ್ಲಾಸ್ಟಿಕ್ ಕಾಳಿಗೆ ಅಂಟಿಸಿಬಿಟ್ಟರೆ, ಬೇಡದ್ದನ್ನು ಅಕ್ಕಿ ತೊಳೆದಂತೆ ತೊಳೆದು ಬಸಿದರಾಯಿತು! ಹೇಳಲು ಸುಲಭ. ನಾಲ್ಕೇ ಮಣಿಗಳ ಸರದೊಂದಿಗೆ ಪ್ರಬಂಧ ಪ್ರಕಟವಾಗಲು 1963 ಬಂತು.

ಅನೇಕ ರಸಾಯನ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ನಡುವೆ ಒಂದು ಮಣಿ ತಪ್ಪಿದರೆ ಆ ತಪ್ಪು ಸರ ಕೊನೆಯವರೆಗೂ ಕಾಳಿಗೇ ಅಂಟಿಕೊಂಡಿರುತ್ತದಲ್ಲ? ಅವರ ಆಕ್ಷೇಪಣೆಯಲ್ಲೂ ಹುರುಳಿತ್ತು. ಪ್ರತಿ ಜೋಡಣೆ ನೂರಕ್ಕೆ 99ರಷ್ಟು ಸರಿಯಾದರೂ, 100 ಜೋಡಣೆಗಳ ಬಳಿಕ ಸರಿಯಾದ ಸರ ಉಳಿಯುವುದು ನೂರಕ್ಕೆ 37 ಮಾತ್ರ. (ಮಕ್ಕಳೇ, ಲೆಕ್ಕ ಹಾಕಿ ನೋಡಿ.)

ಮೆರಿಫೀಲ್ಡ್ ವಾದಕ್ಕಿಳಿಯದೆ ಮನೆಯ ನೆಲಮಾಳಿಗೆಯಲ್ಲಿ ಮಣಿ ಪೋಣಿಸುವ ಯಂತ್ರ ಕಟ್ಟಿದರು. 1969ರಲ್ಲಿ ಗುಟೆ ಎಂಬ ಸಹೋದ್ಯೋಗಿಯೊಂದಿಗೆ 11,931 ಹಂತಗಳಲ್ಲಿ 124 ಮಣಿಗಳ ಕಿಣ್ವವೊಂದನ್ನು ತಯಾರಿಸಿದರು. ಅದು ನಿಜವಾಗಿಯೂ ಕೆಲಸ ಮಾಡಿತು! 1984ರಲ್ಲಿ ನೊಬೆಲ್ ಬಂತು. 2006ರಲ್ಲಿ ಅವರು ತೀರಿಕೊಂಡರು. ಇಂದು ಅನೇಕ ಪೆಪ್ಟೈಡ್ ಔಷಧಿಗಳು ತಯಾರಾಗುವುದು ಅವರ ವಿಧಾನದಿಂದಲೇ. ತಪ್ಪು ಸರಗಳನ್ನು ಕೊನೆಯಲ್ಲಿ ಕ್ರೊಮ್ಯಾಟೋಗ್ರಫಿಯಿಂದ ಬೇರ್ಪಡಿಸುತ್ತಾರೆ.