ಎಲ್ಮರ್ ಕೀತ್: ಮನೆಯ ತೋಟಾ, ಕಾರ್ಖಾನೆಯ ತೋಟಾ, ನಡುವೆ 3.2 ಮಿಲಿಮೀಟರ್

ಒಳಗೆ ಇಷ್ಟು ಒತ್ತಡ ಇದ್ದರೆ ಸಿಲಿಂಡರಿನ ಗೋಡೆ ಎಷ್ಟು ದಪ್ಪ ಇರಬೇಕು ಅನ್ನೋ ಲೆಕ್ಕವನ್ನ ನಾವೆಲ್ಲ ಮೆಷಿನ್ ಡಿಸೈನ್ ಕ್ಲಾಸಿನಲ್ಲಿ ಒಮ್ಮೆಯಾದರೂ ಮಾಡಿದ್ದೇವೆ. ಒತ್ತಡ, ವ್ಯಾಸ, ದಪ್ಪ, ಕೊನೆಗೊಂದು ಫ್ಯಾಕ್ಟರ್ ಆಫ್ ಸೇಫ್ಟಿ. ತಪ್ಪಾದರೆ ನಾಲ್ಕು ಮಾರ್ಕ್ಸ್ ಹೋಗುತ್ತೆ, ಅಷ್ಟೇ. ಇದೇ ಲೆಕ್ಕವನ್ನ ಕೈಯಲ್ಲಿ ಹಿಡಿದ ರಿವಾಲ್ವರಿನಲ್ಲೇ ಮಾಡಿ ನೋಡಿದ ಒಬ್ಬ ಅಮೆರಿಕದಲ್ಲಿದ್ದ. ಹೆಸರು ಎಲ್ಮರ್ ಕೀತ್. ಇಂಜಿನಿಯರಿಂಗ್ ಓದಿದವನಲ್ಲ. ದನ ಮೇಯಿಸುವ ಕೌಬಾಯ್, ಬೇಟೆಗಾರರಿಗೆ ದಾರಿ ತೋರಿಸುವ ಗೈಡ್, ಆಮೇಲೆ ಬಂದೂಕುಗಳ ಬಗ್ಗೆ ಬರೆಯುವ ಲೇಖಕ. ಪಿಸ್ತೂಲು, ರಿವಾಲ್ವರುಗಳ ಚರಿತ್ರೆ ಬಲ್ಲವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆದರೆ ಆತನ ಕಥೆಯಲ್ಲಿ ಬಂದೂಕಿನ ಗೀಳು ಇಲ್ಲದ ನಮ್ಮಂಥವರಿಗೂ ಒಂದು ಪಾಠ ಇದೆ. ಮನೆಯಲ್ಲಿ ಒಬ್ಬನಿಗಾಗಿ ಮಾಡಿಕೊಂಡ ವಸ್ತುವಿಗೂ ಲಕ್ಷಾಂತರ ಜನರಿಗಾಗಿ ಕಾರ್ಖಾನೆ ಮಾಡುವ ವಸ್ತುವಿಗೂ ಏನು ವ್ಯತ್ಯಾಸ ಅನ್ನೋದು ಆ ಪಾಠ.

ಕೀತ್ ಹುಟ್ಟಿದ್ದು 1899ರ ಮಾರ್ಚ್ 8ರಂದು, ಮಿಸೌರಿ ರಾಜ್ಯದ ಹಾರ್ಡಿನ್ ಎಂಬ ಊರಿನಲ್ಲಿ. ಬೆಳೆದದ್ದು ಮೊಂಟಾನಾದಲ್ಲಿ. ಇನ್ನೂ ಹುಡುಗನಾಗಿದ್ದಾಗ ಮಿಸೌಲಾ ನಗರದ ಒಂದು ಹೋಟೆಲಿಗೆ ಬೆಂಕಿ ಬಿತ್ತು. ಅದರಲ್ಲಿ ಮೈ ಸುಟ್ಟುಕೊಂಡ ಹುಡುಗ ಬದುಕಿದ್ದೇ ದೊಡ್ಡದು. ಎಡಗೈಯಂತೂ ಮುರುಟಿಕೊಂಡೇ ಕೂಡಿಕೊಂಡಿತ್ತು. ಅದನ್ನ ಮನೆಯವರೇ ನೋವು ಸಹಿಸಿಕೊಂಡ ಹುಡುಗನ ಮೇಲೆ ಬಲ ಹಾಕಿ ನೇರ ಮಾಡಿದರು. ಆ ಕೈ ಮತ್ತೆ ಕೆಲಸಕ್ಕೆ ಬಂತು. ಮುಂದೆ ಆತ ಕುದುರೆ ಪಳಗಿಸಿದ, ದನ ಕಾಯ್ದ, ಐಡಾಹೋ ರಾಜ್ಯದ ಸಾಲ್ಮನ್ ನದಿ ಕಣಿವೆಯಲ್ಲಿ ಮನೆ ಮಾಡಿದ. ತಲೆ ಮೇಲೆ ಅಗಲ ಅಂಚಿನ ದೊಡ್ಡ ಟೋಪಿ ಕೊನೆವರೆಗೂ ಆತನ ಗುರುತಾಗಿತ್ತು.

ಆ ಕಾಲದ ಆ ಪ್ರದೇಶದಲ್ಲಿ ಸೊಂಟದ ರಿವಾಲ್ವರ್ ಒಂದು ಕೆಲಸದ ಸಾಧನ. ತೋಟಾ ಮಾತ್ರ ದುಬಾರಿ, ಅಂಗಡಿ ದೂರ. ಹಾಗಾಗಿ ಖಾಲಿ ತೋಟಾವನ್ನ ಎಸೆಯದೆ ಮನೆಯಲ್ಲೇ ಮತ್ತೆ ತುಂಬಿಕೊಳ್ಳುವುದು ಅಲ್ಲಿನ ರೂಢಿ. ಇದು ಹೇಗೆ ಸಾಧ್ಯ ಅಂತ ತಿಳಿಯೋಕೆ ತೋಟಾದ ರಚನೆ ಸ್ವಲ್ಪ ನೋಡೋಣ. ಅದರಲ್ಲಿ ನಾಲ್ಕೇ ಭಾಗ: ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಕೊಡುವ ಪುಟ್ಟ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಗುಂಡು ಹಾರಿದ ಮೇಲೆ ಮೂರು ಭಾಗ ಮುಗಿದವು, ಹಿತ್ತಾಳೆ ಕೇಸ್ ಮಾತ್ರ ಉಳಿಯುತ್ತೆ. ನಾಲ್ಕರಲ್ಲಿ ದುಬಾರಿ ಭಾಗವೂ ಅದೇ. ಒತ್ತಡಕ್ಕೆ ಉಬ್ಬಿದ ಆ ಕೇಸನ್ನ ಡೈಗೆ ತೂರಿಸಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ತೂಕ ಮಾಡಿದ ಮದ್ದು ಹಾಕಿ, ಹೊಸ ಗುಂಡು ಒತ್ತಿದರೆ ತೋಟಾ ಮತ್ತೆ ಸಿದ್ಧ. ಗುಂಡನ್ನೂ ಅಚ್ಚಿನಲ್ಲಿ ಸೀಸ ಎರೆದು ಮನೆಯಲ್ಲೇ ಮಾಡಿಕೊಳ್ಳಬಹುದು.

ಹೆಚ್ಚಿನವರು ಇದನ್ನ ಮಾಡುತ್ತಿದ್ದದ್ದು ದುಡ್ಡು ಉಳಿಸೋಕೆ. ಕೀತ್‌ಗೆ ಬೇರೆ ಆಸೆಯೂ ಇತ್ತು. ಕಾರ್ಖಾನೆಯ ತೋಟಾ ಸಪ್ಪೆ, ಅದಕ್ಕಿಂತ ಬಲವಾದದ್ದು ತಾನು ಮಾಡಬಲ್ಲೆ ಅನ್ನೋ ಹಟ ಅದು.

ಆ ಹಟಕ್ಕೆ ಮೊದಲ ಏಟು ಬಿದ್ದದ್ದು 1920ರ ದಶಕದ ಮಧ್ಯದಲ್ಲಿ, ಒಂದು ಜುಲೈ 4ರಂದು. ಅವರ ಸ್ವಾತಂತ್ರ್ಯ ದಿನ. ಸಂಭ್ರಮಕ್ಕೆ ಗುಂಡು ಹಾರಿಸುತ್ತಿದ್ದ ಕೀತ್ ಕೈಯಲ್ಲಿದ್ದದ್ದು .45 ಅಳತೆಯ ಹಳೆಯ ಕೋಲ್ಟ್ ರಿವಾಲ್ವರ್. ತೋಟಾ ಮನೆಯದೇ, ಗುಂಡು ಮಾತ್ರ ರೈಫಲ್‌ನ ಭಾರದ ಗುಂಡು. ಗುಂಡು ಭಾರವಾದಷ್ಟೂ ಅದು ಜಾಗ ಬಿಟ್ಟು ಕದಲೋದು ನಿಧಾನ, ಅಷ್ಟರಲ್ಲಿ ಹಿಂದಿನ ಅನಿಲದ ಒತ್ತಡ ಏರಿಬಿಡುತ್ತೆ. ರಿವಾಲ್ವರಿನ ಸಿಲಿಂಡರಿನ ಮೇಲ್ಭಾಗ ಒಡೆದು ಹಾರಿಹೋಯಿತು.

ಇಂಥದ್ದು ಆದಮೇಲೆ ಎಷ್ಟೋ ಜನ ಈ ಸಹವಾಸವೇ ಬೇಡ ಅಂತ ಬಿಟ್ಟುಬಿಡುತ್ತಿದ್ದರೇನೋ. ಕೀತ್ ಒಡೆದ ಸಿಲಿಂಡರಿನ ಗೋಡೆ ನೋಡಿದ. .45 ತೋಟಾ ದಪ್ಪ, ಆದ್ದರಿಂದ ಅದರ ತೂತು ದೊಡ್ಡದು, ತೂತುಗಳ ನಡುವೆ ಉಳಿಯುವ ಉಕ್ಕು ತೆಳು. ಅದೇ ಹೊರ ಅಳತೆಯ ಸಿಲಿಂಡರಿನಲ್ಲಿ .44 ಸ್ಪೆಷಲ್ ತೋಟಾಕ್ಕೆ ತೂತು ಕೊರೆದರೆ ವ್ಯಾಸ ಸುಮಾರು 0.6 ಮಿಲಿಮೀಟರ್ ಕಡಿಮೆ ಆಗುತ್ತೆ. ಎರಡು ತೂತುಗಳ ನಡುವಿನ ಗೋಡೆ ಅಷ್ಟೇ ದಪ್ಪ ಆಗುತ್ತೆ. ಕೇಳೋಕೆ ಏನೂ ಅಲ್ಲ ಅನ್ನಿಸಬಹುದು. ಆದರೆ ಮೊದಲೇ ತೆಳುವಾದ ಗೋಡೆಯಲ್ಲಿ ಅರ್ಧ ಮಿಲಿಮೀಟರ್ ಅಂದರೆ ಹೂಪ್ ಸ್ಟ್ರೆಸ್ ಎಷ್ಟು ಇಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ. ಕೀತ್ ಸೂತ್ರ ಬರೆಯಲಿಲ್ಲ. .45 ಬಿಟ್ಟು .44ಕ್ಕೆ ಬಂದ, ಮತ್ತೆ ಹಿಂದಿರುಗಿ ನೋಡಲಿಲ್ಲ.

ಮುಂದಿನ ಕೆಲಸ ಗುಂಡಿನ ಆಕಾರ. ಆಗಿನ ಗುಂಡುಗಳ ಮೂತಿ ದುಂಡಗೆ. ಕೀತ್ ಮೂತಿಯನ್ನ ಚಪ್ಪಟೆ ಮಾಡಿದ, ಅದರ ಹಿಂದೆ ಚೂಪು ಅಂಚಿನ ಭುಜ ಇಟ್ಟ. ಮೂತಿಯ ಹೆಚ್ಚು ಭಾಗ ಕೇಸಿನ ಹೊರಗೆ ಇರುವಂತೆ ಮಾಡಿದ. ಹಾಗಾಗಿ ಒಳಗೆ ಮದ್ದಿಗೆ ಜಾಗ ಹೆಚ್ಚಿತು. ಜಾಗ ಹೆಚ್ಚಿದರೆ ಅದೇ ವೇಗವನ್ನ ಕಡಿಮೆ ಒತ್ತಡದಲ್ಲಿ ಪಡೆಯಬಹುದು. ಇದರ ಅಚ್ಚನ್ನ ಲೈಮನ್ ಕಂಪನಿ 429421 ಎಂಬ ಸಂಖ್ಯೆಯಲ್ಲಿ ಮಾರಾಟಕ್ಕೆ ತಂತು. ಮೊದಲ ಮೂರು ಅಂಕಿ ಗುಂಡಿನ ವ್ಯಾಸ, ಅಂದರೆ 0.429 ಇಂಚು. ಹೆಸರು .44 ಆದರೂ ಗುಂಡಿನ ನಿಜವಾದ ಅಳತೆ ಅದು.

ಫಲಿತಾಂಶ ಅಂಕಿಗಳಲ್ಲೇ ನೋಡಿ. ಕಾರ್ಖಾನೆಯ .44 ಸ್ಪೆಷಲ್ ಸುಮಾರು 16 ಗ್ರಾಂ ಗುಂಡನ್ನ ಸೆಕೆಂಡಿಗೆ ಸುಮಾರು 230 ಮೀಟರ್ ವೇಗದಲ್ಲಿ ಕಳಿಸುತ್ತಿತ್ತು. ಕೀತ್‌ನ ಮನೆ ತೋಟಾ ಹೆಚ್ಚೂಕಡಿಮೆ ಅದೇ ತೂಕದ ಗುಂಡನ್ನ ಸುಮಾರು 365 ಮೀಟರ್ ವೇಗಕ್ಕೆ ಒಯ್ದಿತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತ ಅಲ್ಲವೇ, ಹಾಗಾಗಿ ಸುಮಾರು 420 ಜೂಲ್ ಇದ್ದದ್ದು 1080ರ ಹತ್ತಿರ ಬಂತು. ಎರಡೂವರೆ ಪಟ್ಟು! ಅದೂ ಕೇಸಿನ ಹೊರ ಅಳತೆ ಬದಲಾಯಿಸದೆ.

ಇಲ್ಲಿಂದ ಕಥೆ ಕಾರ್ಖಾನೆಯ ಬಾಗಿಲಿಗೆ ಬರುತ್ತೆ. ಇಂಥ ತೋಟಾವನ್ನ ಕಂಪನಿಗಳೇ ಮಾಡಿ ಮಾರಬೇಕು ಅಂತ ಕೀತ್ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬರೆದ. ಕಂಪನಿಗಳು ಒಪ್ಪಲಿಲ್ಲ. ಕೀತ್‌ನ ಅಭಿಮಾನಿಗಳು ಇದನ್ನ ಕಂಪನಿಗಳ ಹೇಡಿತನ ಅಂತ ಹೇಳುವುದುಂಟು. ನಮಗೆ ಹಾಗೆ ಅನ್ನಿಸುವುದಿಲ್ಲ. ಕೀತ್ ತೋಟಾ ತುಂಬುವಾಗ ಅದು ಯಾವ ರಿವಾಲ್ವರಿಗೆ ಹೋಗುತ್ತೆ ಅಂತ ಆತನಿಗೆ ಗೊತ್ತು. ಅದರ ಗೋಡೆ ಎಷ್ಟು ದಪ್ಪ, ಎಷ್ಟು ಹಳೆಯದು, ಎಲ್ಲ ಗೊತ್ತು. ಕಾರ್ಖಾನೆಗೆ ಇದ್ಯಾವುದೂ ಗೊತ್ತಿಲ್ಲ. ಡಬ್ಬಿ ಅಂಗಡಿಯಿಂದ ಹೊರಟ ಮೇಲೆ ಅದು ಯಾರದೋ ಅಜ್ಜನ ಕಾಲದ, ಗೋಡೆ ಸವೆದ ರಿವಾಲ್ವರಿಗೂ ಹೋಗಬಹುದು. .44 ಸ್ಪೆಷಲ್ 1900ರ ದಶಕದಿಂದಲೇ ಮಾರುಕಟ್ಟೆಯಲ್ಲಿತ್ತು. ಅದಕ್ಕಾಗಿ ಮಾಡಿದ ಹಳೆ ಬಂದೂಕುಗಳೆಲ್ಲ ಈ ಒತ್ತಡ ತಡೆಯುತ್ತವೆ ಅಂತ ಯಾರೂ ಖಾತ್ರಿ ಕೊಡಲಾರರು. ಕಾರ್ಖಾನೆಯ ಫ್ಯಾಕ್ಟರ್ ಆಫ್ ಸೇಫ್ಟಿ ಯಾವಾಗಲೂ ಅತ್ಯಂತ ದುರ್ಬಲ ಬಳಕೆದಾರನನ್ನ ಲೆಕ್ಕಕ್ಕೆ ತಗೊಳ್ಳಬೇಕು.

ಈ ಭಯ ಬರೀ ಊಹೆ ಆಗಿರಲಿಲ್ಲ. 1930ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .38 ಸ್ಪೆಷಲ್ ತೋಟಾದ ಬಲವಾದ ರೂಪಕ್ಕಾಗಿ ದಪ್ಪ ಚೌಕಟ್ಟಿನ ರಿವಾಲ್ವರ್ ತಂದಿತು. ಆದರೆ ಆ ಬಲವಾದ ತೋಟಾದ ಉದ್ದ, ದಪ್ಪ ಎಲ್ಲ ಹಳೆಯದರಂತೆಯೇ. ಸಣ್ಣ, ತೆಳು ರಿವಾಲ್ವರಿಗೂ ಸಲೀಸಾಗಿ ಕೂರುತ್ತಿತ್ತು. ತಡೆಯೋಕೆ ಇದ್ದದ್ದು ಬರವಣಿಗೆಯ ಎಚ್ಚರಿಕೆ ಮಾತ್ರ. ಲ್ಯಾಬ್ ಗೋಡೆ ಮೇಲಿನ ಸೂಚನೆಗಳನ್ನ ನಾವೆಷ್ಟು ಜನ ಓದುತ್ತೇವೆ ಅಂತ ಯೋಚಿಸಿದರೆ ಇದರ ಬೆಲೆ ಗೊತ್ತಾಗುತ್ತೆ. 1935ರಲ್ಲಿ .357 ಮ್ಯಾಗ್ನಮ್ ಬಂದಾಗ ಉಪಾಯ ಬದಲಾಯಿತು. ಕೇಸನ್ನೇ ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿದರು. ಹಳೆಯ ರಿವಾಲ್ವರಿಗೆ ತುರುಕಿದರೆ ಪೂರ್ತಿ ಒಳಗೆ ಹೋಗದು, ಸಿಲಿಂಡರ್ ಮುಚ್ಚದು. ಓದು ಬಾರದವನಿಗೂ ಅರ್ಥವಾಗುವ ಎಚ್ಚರಿಕೆ ಇದು.

1940ರ ದಶಕದಲ್ಲಿ, ಯುದ್ಧದ ಸಮಯ, ಕೀತ್ ಯೂಟಾ ರಾಜ್ಯದ ಆಗ್ಡನ್ ಶಸ್ತ್ರಾಗಾರದಲ್ಲಿ ಇನ್‌ಸ್ಪೆಕ್ಟರ್ ಆದ. ದುರಸ್ತಿಯಾಗಿ ಬಂದ ರೈಫಲ್‌ಗಳನ್ನ ಪರೀಕ್ಷಿಸಿ ಪಾಸ್ ಮಾಡುವ ಕೆಲಸ. ಪಾಸಾದ ರೈಫಲ್‌ನ ಮರದ ಹಿಡಿಕೆ ಮೇಲೆ ಶಸ್ತ್ರಾಗಾರದ ಎರಡು ಅಕ್ಷರ, ಪಕ್ಕದಲ್ಲಿ ಆತನ ಹೆಸರಿನ ಎರಡು ಅಕ್ಷರ ಸೇರಿ ಓ-ಜಿ-ಇ-ಕೆ ಎಂಬ ಮುದ್ರೆ ಬೀಳುತ್ತಿತ್ತು. ಇಂದಿಗೂ ಸಂಗ್ರಹಕಾರರು ಆ ಮುದ್ರೆ ಹುಡುಕುತ್ತಾರೆ. ಅಷ್ಟು ದಿನ ತನ್ನ ಕೈಗೆ ಮಾತ್ರ ತೋಟಾ ತುಂಬಿದವನು, ತಾನು ಎಂದೂ ನೋಡದ ಸೈನಿಕನ ಕೈ ಸೇರುವ ವಸ್ತುವಿನ ಮೇಲೆ ಈಗ ತನ್ನ ಹೆಸರು ಒತ್ತಬೇಕಾಯಿತು. ಕಾರ್ಖಾನೆಯ ಕಡೆಯಿಂದ ನಿಂತು ನೋಡುವ ಅವಕಾಶ ಆತನಿಗೆ ಸಿಕ್ಕಿದ್ದು ಅಲ್ಲಿ.

ಯುದ್ಧ ಮುಗಿದ ಮೇಲೆ ಕೀತ್ ಮತ್ತೆ ಹಳೆ ಬೇಡಿಕೆ ಎತ್ತಿಕೊಂಡ. 1950ರ ದಶಕದಲ್ಲಿ ರೆಮಿಂಗ್ಟನ್ ತೋಟಾ ಮಾಡಲು, ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಮಾಡಲು ಒಪ್ಪಿದವು. 1956ರ ಆರಂಭಕ್ಕೆ .44 ಮ್ಯಾಗ್ನಮ್ ಲೋಕಕ್ಕೆ ಬಂತು. .44 ಸ್ಪೆಷಲ್ ಕೇಸಿನ ಉದ್ದ 29.5 ಮಿಲಿಮೀಟರ್, ಹೊಸದರದ್ದು 32.6. ನಡುವೆ ಒಂದು ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿಲಿಮೀಟರ್. ಹಳೆಯ ತೋಟಾ ಹೊಸ ರಿವಾಲ್ವರಿನಲ್ಲಿ ಹಾರುತ್ತೆ, ಹೊಸ ತೋಟಾ ಹಳೆಯದರಲ್ಲಿ ಕೂರಲ್ಲ. ಇಂದಿನ ಅಮೆರಿಕದ ಉದ್ಯಮ ಮಾನದಂಡದಲ್ಲಿ ಮೊದಲನೆಯದರ ಗರಿಷ್ಠ ಒತ್ತಡ 15,500 ಪಿಎಸ್‌ಐ, ಎರಡನೆಯದರದ್ದು 36,000. ಇಷ್ಟು ಅಂತರದ ಎರಡು ತೋಟಾಗಳು ಒಂದೇ ಅಳತೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅನ್ನೋದನ್ನ ಆ ಜುಲೈ 4 ಆಗಲೇ ತೋರಿಸಿತ್ತು.

ತಮಾಷೆ ಅಂದರೆ, ಕೀತ್ ಕೇಳಿದ್ದು ಸೆಕೆಂಡಿಗೆ 365 ಮೀಟರ್ ವೇಗ. ಕಂಪನಿ ಕೊಟ್ಟ ಅಂಕಿ ಅದಕ್ಕಿಂತ ಬಹಳ ಹೆಚ್ಚು, ಸುಮಾರು 450. ಆದರೆ ಆ ಮೊದಲ ತೋಟಾಗಳ ಸೀಸ ಮೃದು, ಅಷ್ಟು ವೇಗಕ್ಕೆ ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತೆ ಅನ್ನೋದು ಕೀತ್‌ನ ತಕರಾರು. ಹಾಗಾಗಿ ತಾನೇ ಹೋರಾಡಿ ತರಿಸಿದ ಕಾರ್ಖಾನೆ ತೋಟಾ ಇದ್ದರೂ, ಆತ ಮ್ಯಾಗ್ನಮ್ ಕೇಸಿಗೆ ತನ್ನದೇ ಗಟ್ಟಿ ಗುಂಡು ಕೂರಿಸಿ ಮನೆಯಲ್ಲೇ ತುಂಬಿಕೊಳ್ಳೋದು ಮುಂದುವರಿಸಿದ.

ಹಾಗಾದರೆ ಎರಡರಲ್ಲಿ ಯಾವುದು ಸರಿ? ಮನೆಯಲ್ಲಿ ತುಂಬಿದರೆ ಖರ್ಚು ಕಡಿಮೆ, ನಮ್ಮ ಸಾಧನಕ್ಕೆ ಹೊಂದುವಂತೆ ಮಾಡಿಕೊಳ್ಳಬಹುದು. ಆದರೆ ರಿವಾಲ್ವರಿನ ಕೇಸಿನಲ್ಲಿ ಎಷ್ಟೋ ಸಲ ಮದ್ದು ಅರ್ಧಕ್ಕಿಂತ ಕಡಿಮೆ ಜಾಗ ತುಂಬುತ್ತೆ. ಗಮನ ತಪ್ಪಿ ಎರಡು ಸಲ ಹಾಕಿದರೂ ಹೊರಗೆ ಚೆಲ್ಲೋದಿಲ್ಲ, ಗುಂಡು ಕೂರಿಸಿದ ಮೇಲೆ ಕಣ್ಣಿಗೂ ಕಾಣೋದಿಲ್ಲ. ಕಾರ್ಖಾನೆ ಪ್ರತಿ ತಂಡದಿಂದ ಮಾದರಿ ತೆಗೆದು, ಒತ್ತಡ ಅಳೆಯುವ ಪರೀಕ್ಷಾ ನಳಿಗೆಯಲ್ಲಿ ಹಾರಿಸಿ ನೋಡುತ್ತೆ. ಕೀತ್‌ನ ಕಾಲದ ಮನೆಮೇಜಿನ ಮೇಲೆ ಅಂಥ ಉಪಕರಣ ಇರಲಿಲ್ಲ. ಪ್ರೈಮರ್ ಎಷ್ಟು ಚಪ್ಪಟೆ ಆಯಿತು, ಖಾಲಿ ಕೇಸ್ ಎಷ್ಟು ಬಿಗಿಯಾಗಿ ಅಂಟಿತು ಅಂತ ನೋಡಿಯೇ ಒತ್ತಡ ಅಂದಾಜು ಮಾಡಬೇಕಿತ್ತು. ಅದು ಅಳತೆ ಅಲ್ಲ, ಸುಳಿವು. ಸುಳಿವು ಕಾಣೋ ಹೊತ್ತಿಗೆ ಕೆಲವು ಸಲ ತಡವಾಗಿರುತ್ತೆ.

ನಮ್ಮಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ ಅನ್ನೋದನ್ನೂ ಹೇಳಿಬಿಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಭಾರತದಲ್ಲಿ ಅಪರಾಧ. ಪ್ರಾಜೆಕ್ಟ್ ಹೆಸರಿನಲ್ಲೂ ಇಲ್ಲ!

ಕೀತ್ 1955ರಲ್ಲಿ ರಿವಾಲ್ವರುಗಳ ಬಗ್ಗೆ ಬರೆದ ದೊಡ್ಡ ಪುಸ್ತಕ ಆ ಕ್ಷೇತ್ರದಲ್ಲಿ ಇವತ್ತಿಗೂ ಹೆಸರುವಾಸಿ. 1973ರಲ್ಲಿ ಅಮೆರಿಕದ ಶ್ರೇಷ್ಠ ಹ್ಯಾಂಡ್‌ಗನ್ ಬಳಕೆದಾರರಿಗೆಂದು ಆರಂಭವಾದ ಪ್ರಶಸ್ತಿ ಮೊದಲು ಸಂದದ್ದು ಆತನಿಗೇ. ಗಾಯಗೊಂಡಿದ್ದ ಒಂದು ಜಿಂಕೆಗೆ 600 ಗಜ ದೂರದಿಂದ ರಿವಾಲ್ವರಿನಲ್ಲೇ ಗುರಿ ಹೊಡೆದೆ ಅಂತ ಬರೆದಾಗ ನಂಬದೆ ನಕ್ಕವರೂ ಬಹಳ ಜನ. ಆ ಜಗಳ ಇನ್ನೂ ಮುಗಿದಿಲ್ಲ. 1984ರ ಫೆಬ್ರವರಿ 14ರಂದು ಐಡಾಹೋದ ಬಾಯ್ಸಿ ನಗರದಲ್ಲಿ ಕೀತ್ ತೀರಿಕೊಂಡಾಗ 84 ವರ್ಷ.

ನಾವು ಹಾಸ್ಟೆಲ್ ರೂಮಿನಲ್ಲಿ ಮಾಡುವ ಸರ್ಕ್ಯೂಟ್, ಬರೆಯುವ ಕೋಡ್ ನಮ್ಮ ಕೈಯಲ್ಲಿ ಚೆನ್ನಾಗಿಯೇ ನಡೆಯುತ್ತೆ, ಯಾಕಂದರೆ ಯಾವ ಬಟನ್ ಒತ್ತಬಾರದು ಅಂತ ನಮಗೆ ಗೊತ್ತು. ಅದನ್ನೇ ಜೂನಿಯರ್ ಒಬ್ಬನ ಕೈಗೆ ಕೊಟ್ಟಾಗ ಪ್ರಶ್ನೆ ಶುರು. ಮೊದಲ ಅರ್ಧ ಕೆಲಸವನ್ನ ಕೀತ್ ತನ್ನ ಮೇಜಿನ ಮೇಲೆ ಮೂವತ್ತು ವರ್ಷ ಮಾಡಿದ. ಉಳಿದರ್ಧವನ್ನ ಆ 3.2 ಮಿಲಿಮೀಟರ್ ಹಿತ್ತಾಳೆ ಮಾಡಿತು. ಅದನ್ನ ಸೇರಿಸಿದ ಇಂಜಿನಿಯರುಗಳ ಹೆಸರು ಕೀತ್‌ನಷ್ಟು ಪ್ರಸಿದ್ಧ ಆಗಲಿಲ್ಲ, ಆದರೆ ಎಷ್ಟು ಜನರ ಬೆರಳು ಉಳಿದಿವೆಯೋ ಯಾರು ಲೆಕ್ಕ ಇಟ್ಟಿದ್ದಾರೆ?