ಮಿಡತೆ ಫೋಟೊ ಫಾರ್ವರ್ಡ್ ಮಾಡುವ ಮುನ್ನ ಕೋಲ್ಮನ್ ಕಥೆ ಓದಿ

ಮಳೆ ಹಿಡಿಯಿತೆಂದರೆ ಗುಂಡ್ಲುಪೇಟೆಯ ರಸ್ತೆಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಲ್ಲಿ ಮೊಬೈಲ್ ಹಿಡಿದು ನಿಂತವರ ಸಾಲೇ ಇರುತ್ತದೆ. ಹೂವಿನ ಜೊತೆಗೆ ಜೇನುನೊಣ, ಜೇಡ, ಮಿಡತೆಗಳೂ ಫೋಟೊಗೆ ಸಿಗುತ್ತವೆ. ಚಾಮರಾಜನಗರದ ಜೋಳದ ಹೊಲದ ಬದುವಿನಲ್ಲೂ ಅಷ್ಟೇ. ತೊಂದರೆ ಶುರುವಾಗುವುದು ಆ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದ ಮೇಲೆ. ಒಂದು ಮಿಡತೆ ಕಂಡರೆ ಸಾಕು, ಬೆಳೆ ನುಂಗುವ ಮರುಭೂಮಿ ಮಿಡತೆ ಬಂದೇಬಿಟ್ಟಿತು ಎಂಬ ಸಾಲು ಅದಕ್ಕೆ ಅಂಟಿಕೊಳ್ಳುತ್ತದೆ.

2020ರಲ್ಲಿ ಹೀಗೇ ಆಯಿತು. ಮರುಭೂಮಿ ಮಿಡತೆಗಳ ಹಿಂಡು ರಾಜಸ್ಥಾನ, ಮಧ್ಯಪ್ರದೇಶ ದಾಟಿ ಮಹಾರಾಷ್ಟ್ರಕ್ಕೆ ಬಂದಿದ್ದ ದಿನಗಳವು. ಅದೇ ಹೊತ್ತಿಗೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಎಕ್ಕದ ಗಿಡಗಳ ಮೇಲೆ ಮಿಡತೆಗಳು ಗುಂಪಾಗಿ ಕಂಡು ಜನ ಗಾಬರಿಯಾದರು. ಪರೀಕ್ಷಿಸಿದಾಗ ಅವು ನಮ್ಮ ಕಡೆ ಎಲ್ಲೆಲ್ಲೂ ಇರುವ, ಹಳದಿ-ನೀಲಿ ಪಟ್ಟೆಯ ಎಕ್ಕದ ಮಿಡತೆಗಳು ಎಂದು ತಿಳಿಯಿತು.

ಎಲ್ಲ ಮಿಡತೆಯೂ ಒಂದೇ ಅಲ್ಲ. ಇದನ್ನು ಇಲ್ಲಿನ ಹೊಲಗಳಲ್ಲೇ ನಿಂತು ತೋರಿಸಿಕೊಟ್ಟವರಲ್ಲಿ ಒಬ್ಬರು ಲೆಸ್ಲಿ ಕೋಲ್ಮನ್.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಬೆಳೆಗಳ ರೋಗ ಮತ್ತು ಕೀಟಗಳ ತಜ್ಞರಾಗಿ ನೇಮಿಸಿತು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಆಗ ಆ ಸಂಸ್ಥಾನದ ಊರುಗಳೇ.

ಬಂದ ಹೊಸತರಲ್ಲಿ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗ ಒಂದು. ಅದಕ್ಕೆ ಶಿಲೀಂಧ್ರದಂಥ ಸೂಕ್ಷ್ಮಜೀವಿ ಕಾರಣವೆಂದು 1910ರಲ್ಲಿ ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಸಿಂಪಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಆ ಕೆಲಸದಿಂದ.

ಹಾರಲಾಗದ ಮಿಡತೆ

ಬಯಲುಸೀಮೆಯಲ್ಲಿ ಜೋಳ ತಿನ್ನುವ ಮಿಡತೆಯ ಕಾಟ ಇತ್ತು. ಸ್ಪೇನಿನ ಕೀಟತಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸುವಾಗ ಅದರ ಕುಲಕ್ಕೆ ಕೋಲ್ಮನ್ ಹೆಸರನ್ನೇ ಇಟ್ಟು ಕೋಲ್ಮೇನಿಯಾ ಎಂದು ಕರೆದರು. ಮರುವರ್ಷ ಕೋಲ್ಮನ್ ಈ ಜೋಳದ ಮಿಡತೆಯ ಬಗ್ಗೆ ಕೃಷಿ ಇಲಾಖೆಯ ಪುಸ್ತಿಕೆ ಹೊರತಂದರು.

ಈ ಮಿಡತೆಗೆ ಬೆಳೆದ ಮೇಲೂ ಹಾರಬಲ್ಲ ರೆಕ್ಕೆ ಇರುವುದಿಲ್ಲ. ಮಳೆಗಾಲದ ಕೊನೆಗೆ ಮಣ್ಣಿನೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆ ಬೇಸಿಗೆಯಿಡೀ ಅಲ್ಲೇ ಇದ್ದು, ಮುಂದಿನ ಮುಂಗಾರಿಗೆ ಮರಿಯಾಗುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಹಾಗಾಗಿ ಈ ವರ್ಷದ ಕಾಟಕ್ಕೆ ಕಾರಣ ಆಕಾಶದಿಂದ ಬಂದ ಹಿಂಡಲ್ಲ, ಹೋದ ವರ್ಷ ಅದೇ ನೆಲದಲ್ಲಿ ಉಳಿದ ಮೊಟ್ಟೆ. ಇದು ಗೊತ್ತಾದರೆ ದಾರಿಯೂ ಕಾಣುತ್ತದೆ: ಹಾರಲಾಗದ್ದನ್ನು ಮರಿಯಿರುವಾಗಲೇ ಚೀಲದಂಥ ಬಲೆ ಎಳೆದು ಹಿಡಿಯಬಹುದು. ಮರುಭೂಮಿ ಮಿಡತೆ ಹಾಗಲ್ಲ. ಅದರ ಹಿಂಡು ಒಂದು ದಿನದಲ್ಲಿ 100 ಕಿಲೋಮೀಟರಿಗೂ ಹೆಚ್ಚು ಹಾರಬಲ್ಲದು.

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದುದರ ಹಿಂದೆಯೂ ಅವರ ಶ್ರಮವಿದೆ. ಕೀಟಗಳ ಕೆಲಸವನ್ನು ಅವರ ಸಹೋದ್ಯೋಗಿ ಕೆ. ಕುಂಞಿಕಣ್ಣನ್ ಮುಂದುವರಿಸಿದರು. ಕೋಲ್ಮನ್ 1934ರಲ್ಲಿ ಸೇವೆ ಬಿಟ್ಟರು, 1954ರಲ್ಲಿ ತೀರಿಕೊಂಡರು. ಜೋಳದ ಮಿಡತೆ ಇಂದಿಗೂ ಅವರ ಹೆಸರು ಹೊತ್ತಿದೆ.

ನಿಮ್ಮ ಕೈಯಲ್ಲಿರುವ ಮೊಬೈಲ್

ಕೀಟವನ್ನು ಗುರುತಿಸಲು ತಜ್ಞರಿಗೆ ಆಗ ಬೇಕಾಗಿದ್ದ ವಿವರಗಳೇ ಇಂದೂ ಬೇಕು. ಅವುಗಳಲ್ಲಿ ಬಹುಪಾಲು ನಿಮ್ಮ ಫೋಟೊದಲ್ಲೇ ಸಿಗುತ್ತವೆ.

• ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ರೆಕ್ಕೆಯ ಉದ್ದ ಪಕ್ಕದಿಂದ ಚೆನ್ನಾಗಿ ಕಾಣುತ್ತದೆ.
• ಯಾವ ಗಿಡದ ಮೇಲಿತ್ತು ಎಂಬುದೂ ಫೋಟೊದಲ್ಲಿ ಬರಲಿ. ಊರು, ತಾರೀಖು ಬರೆದಿಡಿ.
• ಯಾವ ಮಿಡತೆಯ ಮರಿಗೂ ಪೂರ್ತಿ ರೆಕ್ಕೆ ಇರುವುದಿಲ್ಲ. ಆದ್ದರಿಂದ ಒಂದೇ ಫೋಟೊ ನೋಡಿ ತೀರ್ಮಾನ ಬೇಡ. ಕೆಲವು ದಿನ ಬಿಟ್ಟು ಮತ್ತೆ ನೋಡಿ.
• ಕಾಲು ಎಂಟಿದ್ದರೆ ಅದು ಜೇಡ, ಕೀಟವಲ್ಲ. ಹೊಲದ ಜೇಡ ಕೀಟಗಳನ್ನೇ ತಿಂದು ಬದುಕುತ್ತದೆ. ಹೆದರಿ ಕೊಲ್ಲಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ.
• ಬಂಡೀಪುರದ ಕಾಡಿನ ರಸ್ತೆಯಲ್ಲಿ ಫೋಟೊಗಾಗಿ ಗಾಡಿಯಿಂದ ಇಳಿಯಬೇಡಿ.

ಬೆಳೆ ನಿಜಕ್ಕೂ ಹಾಳಾಗುತ್ತಿದ್ದರೆ ಆ ಫೋಟೊ ಮೊದಲು ಹೋಗಬೇಕಾದ್ದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಸುಳ್ಳು ಸುದ್ದಿಗೆ ಹೆದರಿದ ರೈತ ಬೇಡದ ಔಷಧಿ ಹೊಡೆದರೆ ಅವನ ದುಡ್ಡು ಹೋಗುತ್ತದೆ, ಜೊತೆಗೆ ಜೇನುನೊಣ, ಜೇಡಗಳೂ ಸಾಯುತ್ತವೆ. ಯಾವ ಹುಳು ಎಂದು ಗೊತ್ತಾದ ಮೇಲೆ ಫಾರ್ವರ್ಡ್ ಮಾಡಿ. ಅಲ್ಲಿಯವರೆಗೆ ಫೋಟೊ ನಿಮ್ಮ ಮೊಬೈಲ್‌ನಲ್ಲೇ ಇರಲಿ.