ಜಪಾನ್ ಪಂದ್ಯಕ್ಕೆ ಜರ್ನೈಲ್ ಇಲ್ಲ: ರಹೀಂ ಸಾಹೇಬರ ಜಕಾರ್ತ ಲೆಕ್ಕಾಚಾರ

ಎಮ್ಮಿಗನೂರು: ದೊಡ್ಡ ಫುಟ್‌ಬಾಲ್ ಟೂರ್ನಿ ಬಂದಾಗಲೆಲ್ಲ ಒಂದು ವಾದ ಮರುಜೀವ ಪಡೆಯುತ್ತದೆ. ನಾಕೌಟ್ ಹಂತಕ್ಕೆ ಮುನ್ನ ಪ್ರಮುಖ ಆಟಗಾರರಿಗೆ ವಿಶ್ರಾಂತಿ ಕೊಡಬೇಕೇ, ಗೆಲುವಿನ ಲಯ ತಪ್ಪದಂತೆ ಅವರನ್ನೇ ಆಡಿಸಬೇಕೇ ಎಂಬುದೇ ಆ ವಾದ. 2018ರ ವಿಶ್ವಕಪ್‌ನಲ್ಲಿ ಕ್ರೊವೇಷ್ಯಾ ತನ್ನ ಕೊನೆಯ ಲೀಗ್ ಪಂದ್ಯಕ್ಕೆ ಒಂಬತ್ತು ಬದಲಾವಣೆ ಮಾಡಿಕೊಂಡು ಐಸ್‌ಲೆಂಡನ್ನು ಸೋಲಿಸಿತು, ಮುಂದೆ ಫೈನಲ್‌ವರೆಗೂ ಸಾಗಿತು. 2022ರಲ್ಲಿ ಫ್ರಾನ್ಸ್ ಅಷ್ಟೇ ಬದಲಾವಣೆ ಮಾಡಿ ಟ್ಯುನೀಷ್ಯಾ ಎದುರು ಸೋತಿತು, ಆದರೂ ಫೈನಲ್ ತಲುಪಿತು. 26 ಆಟಗಾರರ ತಂಡ, ಪಂದ್ಯದ ನಡುವೆ ಐವರು ಬದಲಿ ಆಟಗಾರರನ್ನು ಇಳಿಸುವ ಅವಕಾಶ ಇರುವ ಕಾಲದಲ್ಲಿ ಇದು ಒಂದು ರೀತಿಯಲ್ಲಿ ಶ್ರೀಮಂತರ ಚಿಂತೆ.

ಬದಲಿ ಆಟಗಾರ ಎಂಬ ಸೌಲಭ್ಯವೇ ಇಲ್ಲದ ಕಾಲದಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದವರು ಹೈದರಾಬಾದಿನ ಒಬ್ಬ ಶಾಲಾ ಶಿಕ್ಷಕರು. ಅವರು ಸಯ್ಯದ್ ಅಬ್ದುಲ್ ರಹೀಂ. ಭಾರತದ ಫುಟ್‌ಬಾಲ್ ವಲಯಕ್ಕೆ ರಹೀಂ ಸಾಹೇಬರು.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆ ಊರು ಇಲ್ಲಿನವರಿಗೆ ಪರಕೀಯವೇನಲ್ಲ. ಎಮ್ಮಿಗನೂರಿನಿಂದ ಕಂಪ್ಲಿಗೆ ಬಂದು ತುಂಗಭದ್ರೆ ದಾಟಿದರೆ ಗಂಗಾವತಿ ಸೀಮೆ. ಹೊಳೆಯ ಈಚೆ ದಡ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಾಗಿದ್ದ ದಿನಗಳಲ್ಲಿ ಆಚೆ ದಡ ನಿಜಾಮರ ಸಂಸ್ಥಾನದ ರಾಯಚೂರು ಜಿಲ್ಲೆಯಾಗಿತ್ತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳು ಬಂದು ಕೂಡಿದವು. ಅಂದರೆ ರಹೀಂ ತಮ್ಮ ವೃತ್ತಿಯ ಬಹುಭಾಗ ದುಡಿದ ರಾಜ್ಯದ ಒಂದು ಪಾಲು ಇಂದು ಕರ್ನಾಟಕದ ಭೂಪಟದಲ್ಲಿದೆ.

ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಪದವಿ ಪಡೆದ ಅವರು ಅಲ್ಲಿನ ತಂಡದಲ್ಲಿ ಆಡಿದರು. ಬಳಿಕ ಶಿಕ್ಷಕ ವೃತ್ತಿ ಹಿಡಿದು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಶಾಲೆಗಳಲ್ಲಿ ಮಕ್ಕಳಿಗೆ ಕ್ರೀಡೆ ಕಲಿಸುತ್ತಾ ಬೆಳೆದರು. ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ದೀರ್ಘಕಾಲ ದುಡಿದರು. ದೇಶದ ಶ್ರೇಷ್ಠ ತರಬೇತುದಾರ ಎನಿಸಿಕೊಂಡವರು ಮೂಲತಃ ಮೇಷ್ಟ್ರು ಎಂಬುದನ್ನು ಮರೆಯುವಂತಿಲ್ಲ. ಬಲಗಾಲಿನ ಹುಡುಗರು ಎಡಗಾಲಲ್ಲಿ ಮಾತ್ರ ಆಡಬೇಕಾದ ಪಂದ್ಯಾವಳಿ, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡದೆ ತಕ್ಷಣ ಸಂಗಡಿಗನಿಗೆ ದಾಟಿಸಬೇಕಾದ ಪಂದ್ಯಾವಳಿ, ಇಂಥವನ್ನು ಅವರು ಏರ್ಪಡಿಸಿದರು. ತರಗತಿಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುವ ಶ್ರದ್ಧೆಯೇ ಮೈದಾನದಲ್ಲೂ ಇತ್ತು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೊಣೆ ಅವರ ಹೆಗಲಿಗೆ ಬಿತ್ತು. ಆಗ ದೇಶದ ಫುಟ್‌ಬಾಲ್ ಎಂದರೆ ಕಲ್ಕತ್ತ ಎಂಬ ಮಾತಿತ್ತು. ದಕ್ಷಿಣದಿಂದ ಸವಾಲೇ ಇರಲಿಲ್ಲವೆಂದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು, ಮೈಸೂರು 1946-47ರಲ್ಲಿ ಸಂತೋಷ್ ಟ್ರೋಫಿ ಎತ್ತಿತ್ತು. ಆದರೆ ರಹೀಂ ಅವರ ಪೊಲೀಸರು ಮಾಡಿದ್ದು ಬೇರೆಯೇ ಮಟ್ಟದ ಸಾಧನೆ. 1950ರಿಂದ 1954ರವರೆಗೆ ಸತತ ಐದು ಬಾರಿ ಅವರು ರೋವರ್ಸ್ ಕಪ್ ಗೆದ್ದರು. 1950ರಲ್ಲಿ ಡುರಾಂಡ್ ಕಪ್ ಕೂಡ ಅವರ ಪಾಲಾಯಿತು. 1956 ಮತ್ತು 1957ರಲ್ಲಿ ಹೈದರಾಬಾದ್ ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದುಕೊಂಡಿತು.

ರಾಷ್ಟ್ರೀಯ ತಂಡದ ತರಬೇತುದಾರರಾಗಿ ಅವರ ಮೊದಲ ದೊಡ್ಡ ಯಶಸ್ಸು 1951ರ ದೆಹಲಿ ಏಷ್ಯನ್ ಕ್ರೀಡಾಕೂಟ. ಸೈಲೇನ್ ಮನ್ನಾ ನಾಯಕತ್ವದ ಭಾರತ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಮಣಿಸಿತು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಕೈಯಲ್ಲಿ 10-1ರ ಪೆಟ್ಟು ಬಿತ್ತು. ಭಾರತದ ಆ ಒಂದೇ ಗೋಲು ಕೂಡ ಅಹ್ಮದ್ ಖಾನ್ ಅವರದೇ. ಬರಿಗಾಲಲ್ಲಿ ಆಡುವ ಪದ್ಧತಿಗೆ ಆ ಸೋಲಿನೊಂದಿಗೆ ತೆರೆ ಬಿತ್ತು, ಬೂಟು ಕಡ್ಡಾಯವಾಯಿತು. ಸೋತು ಬಂದ ರಹೀಂ ಅಲ್ಲಿ ಚಿನ್ನ ಗೆದ್ದ ಹಂಗೇರಿಯ ಆಟದ ವಿನ್ಯಾಸದಿಂದ ಪಾಠ ಕಲಿತರು. ಬ್ರೆಜಿಲ್ 1958ರ ವಿಶ್ವಕಪ್‌ನಲ್ಲಿ 4-2-4 ವಿನ್ಯಾಸವನ್ನು ಜಗತ್ತಿಗೆ ಪರಿಚಯಿಸುವ ಮೊದಲೇ ಭಾರತ ತಂಡದಲ್ಲಿ ಅದರ ಪ್ರಯೋಗ ನಡೆದಿತ್ತು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಈ ಮಾತು ಶಾಲಾ ಪುಸ್ತಕದಲ್ಲೂ ಸಿಗುತ್ತದೆ. ಆದರೆ ಆ ಟೂರ್ನಿಯ ಪಂದ್ಯಗಳ ದಿನಾಂಕಗಳತ್ತ ಕಣ್ಣು ಹಾಯಿಸುವವರು ಕಡಿಮೆ. ಹಂಗೇರಿ ಹಿಂದೆ ಸರಿದ ಕಾರಣ ಮೊದಲ ಸುತ್ತು ಆಡದೆಯೇ ಮುಗಿಯಿತು. ಡಿಸೆಂಬರ್ 1ರಂದು ನೆವಿಲ್ ಡಿಸೋಜ ಅವರ ಹ್ಯಾಟ್ರಿಕ್ ನೆರವಿನಿಂದ ಆತಿಥೇಯ ಆಸ್ಟ್ರೇಲಿಯಾ ವಿರುದ್ಧ 4-2ರ ಜಯ. ಡಿಸೆಂಬರ್ 4ರಂದು ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ ನೆವಿಲ್ ಅವರೇ ಭಾರತಕ್ಕೆ ಮುನ್ನಡೆ ತಂದುಕೊಟ್ಟರೂ ಕೊನೆಗೆ 1-4ರ ಸೋಲು. ಡಿಸೆಂಬರ್ 7ರಂದು ಕಂಚಿಗಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯ ವಿರುದ್ಧ 0-3. ಒಂದೇ ವಾರದಲ್ಲಿ ಮೂರು ಪಂದ್ಯ. ಮೈಸೂರು ರಾಜ್ಯದ ಕೆಂಪಯ್ಯ ಸೇರಿದಂತೆ ಆ ತಂಡದವರ ಕೌಶಲ ಒಂದು ಪಂದ್ಯಕ್ಕೆ, ಒಂದೂವರೆ ಪಂದ್ಯಕ್ಕೆ ಸಾಕಾಗುತ್ತಿತ್ತು. ಮೂರನೆಯದಕ್ಕೆ ಕಾಲು ಸೋಲುತ್ತಿತ್ತು. 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಇದೇ ಕಥೆ. ಹಂಗೇರಿ ವಿರುದ್ಧ 1-2, ಫ್ರಾನ್ಸ್ ವಿರುದ್ಧ 1-1, ಪೆರು ವಿರುದ್ಧ 1-3. ಅದೂ ಒಂದೇ ವಾರದೊಳಗೆ.

ರೋಮ್‌ಗೆ ಹೋದ ತಂಡದಲ್ಲಿ ರಹೀಂ ಅವರ ಮಗ ಸಯ್ಯದ್ ಶಾಹಿದ್ ಹಕೀಂ ಕೂಡ ಇದ್ದರು. ಆದರೆ ಮೂರು ಪಂದ್ಯಗಳಲ್ಲಿ ಒಂದರಲ್ಲಿಯೂ ಮಗನನ್ನು ಮೈದಾನಕ್ಕೆ ಇಳಿಸಲಿಲ್ಲ. 1962ರ ಜಕಾರ್ತ ತಂಡದಲ್ಲಂತೂ ಹಕೀಂ ಹೆಸರೇ ಇರಲಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬ ವಿಷಯದಲ್ಲಿ ರಹೀಂ ಅವರಿಗೆ ಮನೆಯ ಮುಲಾಜೂ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಜಕಾರ್ತ ಏಷ್ಯನ್ ಕ್ರೀಡಾಕೂಟ ಆರಂಭವಾದದ್ದು 1962ರ ಆಗಸ್ಟ್ 24ರಂದು. ಫುಟ್‌ಬಾಲ್ ಫೈನಲ್ ಸೆಪ್ಟೆಂಬರ್ 4ಕ್ಕೆ. ಹನ್ನೆರಡು ದಿನಗಳೊಳಗೆ ಐದು ಪಂದ್ಯ ಆಡಿದವರಿಗೆ ಚಿನ್ನ. ಭಾರತದ ಆರಂಭವೇ ಕೆಟ್ಟಿತು. ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ಗುಂಪಿನಿಂದ ಎರಡೇ ತಂಡಗಳು ಮುಂದೆ ಹೋಗಬಹುದಾದ್ದರಿಂದ ಉಳಿದೆರಡು ಪಂದ್ಯಗಳೂ ನಾಕೌಟ್‌ನಷ್ಟೇ ಮುಖ್ಯವಾದವು. ಥಾಯ್ಲೆಂಡ್ ವಿರುದ್ಧ 4-1ರಿಂದ ಗೆದ್ದರೂ ಅದಕ್ಕೆ ದುಬಾರಿ ಬೆಲೆ ತೆರಬೇಕಾಯಿತು. ರಕ್ಷಣಾ ವಿಭಾಗದ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಇತ್ತ ಎತ್ತರದ ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಹಾಸಿಗೆ ಹಿಡಿದರು.

ಮುಂದಿನ ಎದುರಾಳಿ ಜಪಾನ್. ಸೋತರೆ ಮನೆಯ ದಾರಿ. ಇಂಥ ಪಂದ್ಯಕ್ಕೆ ತಲೆಗೆ ಪಟ್ಟಿ ಕಟ್ಟಿಸಿಯಾದರೂ ಜರ್ನೈಲ್ ಅವರನ್ನು ಇಳಿಸುವ ಆಸೆ ಯಾವ ತರಬೇತುದಾರನಿಗೂ ಬರುವಂಥದ್ದೇ. ಆದರೆ ಹೊಲಿಗೆ ಬಿಚ್ಚಿಕೊಂಡು ಆಟಗಾರ ಹೊರಬಂದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ಕಳುಹಿಸುವಂತಿಲ್ಲ. ಉಳಿದ ಹತ್ತು ಮಂದಿಯೇ ಆಡಿ ಮುಗಿಸಬೇಕು. ವಿಶ್ವಕಪ್‌ನಲ್ಲಿಯೂ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದು 1970ರಲ್ಲಿ. ರಹೀಂ ಜರ್ನೈಲ್ ಅವರನ್ನು ಹೊರಗಿಟ್ಟರು. ಗೋಲಿನ ಮುಂದೆ ಪ್ರದ್ಯೋತ್ ಬರ್ಮನ್ ನಿಂತರು, ರಕ್ಷಣೆಯಲ್ಲಿ ಅರುಣ್ ಘೋಷ್ ಹೆಚ್ಚಿನ ಭಾರ ಹೊತ್ತರು. ಪಿ.ಕೆ. ಬ್ಯಾನರ್ಜಿ ಮತ್ತು ತುಳಸಿದಾಸ್ ಬಲರಾಮ್ ಗೋಲು ಗಳಿಸಿದರು, ಭಾರತ 2-0ರಿಂದ ಗೆದ್ದಿತು.

ಇದನ್ನು ಇಂದಿನ ಅರ್ಥದ ವಿಶ್ರಾಂತಿ ಎನ್ನುವುದು ತುಸು ಉತ್ಪ್ರೇಕ್ಷೆಯಾದೀತು. ಗಾಯ ಮತ್ತು ಜ್ವರ ಎರಡೂ ತರಬೇತುದಾರನ ಕೈ ಕಟ್ಟಿಹಾಕಿದ್ದವು. ರಹೀಂ ಅವರ ನಿಜವಾದ ಜಾಣ್ಮೆ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ಗೆ ಜರ್ನೈಲ್ ಮರಳಿದರು. ಆದರೆ ರಕ್ಷಣೆಗಲ್ಲ, ಸೆಂಟರ್ ಫಾರ್ವರ್ಡ್ ಆಗಿ! ಗಾಯದ ತಲೆ ಹೊತ್ತ ರಕ್ಷಣಾ ಆಟಗಾರ ಎದುರಾಳಿಯ ಪ್ರತಿ ಎತ್ತರದ ಚೆಂಡಿಗೂ ಹಾರಲೇಬೇಕು, ಅದು ಅವನ ಆಯ್ಕೆಯಲ್ಲ. ಮುಂಪಡೆಯವನಿಗೆ ಆ ಕಡ್ಡಾಯವಿಲ್ಲ. ಜರ್ನೈಲ್ ಕಾಲೇಜು ದಿನಗಳಲ್ಲಿ ಮುಂಪಡೆಯಲ್ಲಿ ಆಡಿದ್ದರು. ಅರುಣ್ ಘೋಷ್ ರಕ್ಷಣೆಯಲ್ಲಿ ಹೊಂದಿಕೊಂಡಿದ್ದರಿಂದ ಅಲ್ಲಿ ಕೈ ಹಾಕುವ ಅಗತ್ಯವೂ ಇರಲಿಲ್ಲ. ನಾಯಕ ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು ಗೋಲು ಹೊಡೆದರು. ಭಾರತ 3-2ರಿಂದ ಪಾರಾಯಿತು.

ಫೈನಲ್‌ಗೆ ಮತ್ತೆ ದಕ್ಷಿಣ ಕೊರಿಯಾ. ಈಗ ಗೋಲ್‌ಕೀಪರ್ ಪ್ರಶ್ನೆ. ಬರ್ಮನ್ ತಂಡವನ್ನು ಫೈನಲ್‌ವರೆಗೆ ತಂದಿದ್ದರು. ಗೆಲ್ಲುತ್ತಿರುವ ಹುಡುಗನನ್ನು ಕೂರಿಸಿ, ಆಗಷ್ಟೇ ಜ್ವರದಿಂದ ಎದ್ದವರನ್ನು ನಿಲ್ಲಿಸುವುದು ಜೂಜು. ಸೋತಿದ್ದರೆ ಊರೂರಲ್ಲಿ ಬೈಸಿಕೊಳ್ಳಬೇಕಾಗುತ್ತಿತ್ತು. ಕೊರಿಯನ್ನರ ಎತ್ತರದ ಚೆಂಡುಗಳಿಗೆ ತಂಗರಾಜ್ ಅವರ ಎತ್ತರವೇ ಮದ್ದು ಎಂದು ರಹೀಂ ತೀರ್ಮಾನಿಸಿದರು. ಬರ್ಮನ್ ಮಟ್ಟಿಗೆ ಇದು ಕಹಿಯೇ. ಚಿನ್ನದ ಪಂದ್ಯದಲ್ಲಿ ಆಡುವ ಅವಕಾಶ ತಮ್ಮದಲ್ಲದ ತಪ್ಪಿಗೆ ಕೈತಪ್ಪಿತು.

ಅಂದು ಸೆನಯಾನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರಿದ್ದರು. ಬಹುತೇಕರು ಭಾರತದ ವಿರುದ್ಧ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯಾ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ಪ್ರಶ್ನಿಸಿದ್ದೇ ಆ ಸಿಟ್ಟಿಗೆ ಕಾರಣ. ಭಾರತದ ಪರ ಕೂಗು ಕೇಳಿಬಂದದ್ದು ಪಾಕಿಸ್ತಾನದ ಹಾಕಿ ಆಟಗಾರರು ಕುಳಿತಿದ್ದ ಕಡೆಯಿಂದ ಎಂಬುದು ಕ್ರೀಡಾ ಇತಿಹಾಸದ ಸೋಜಿಗಗಳಲ್ಲಿ ಒಂದು. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷದಲ್ಲಿ ಜರ್ನೈಲ್ ಗೋಲು ಗಳಿಸಿದರು. ಕೊರಿಯಾ ಒಂದು ಗೋಲು ಮರಳಿಸಿದ್ದು ಆಟ ಮುಗಿಯುವ ಹೊತ್ತಿಗೆ. 2-1. ಜಪಾನ್ ಪಂದ್ಯಕ್ಕೆ ಹೊರಗುಳಿದಿದ್ದ ಜರ್ನೈಲ್ ಸೆಮಿಫೈನಲ್, ಫೈನಲ್ ಎರಡರಲ್ಲೂ ಗೋಲು ಬರೆಸಿಕೊಂಡರು.

ತಮಗೆ ಮಾತ್ರ ರಹೀಂ ವಿಶ್ರಾಂತಿ ಕೊಟ್ಟುಕೊಂಡವರಲ್ಲ. ಶಾಲೆ, ಸಂಸ್ಥೆಯ ಕಚೇರಿ, ಪೊಲೀಸ್ ತಂಡ, ರಾಷ್ಟ್ರೀಯ ತಂಡ ಎಂದು ವರ್ಷಗಟ್ಟಲೆ ಓಡಾಡಿದ ದೇಹವನ್ನು ಕ್ಯಾನ್ಸರ್ ಹಿಡಿಯಿತು. ಜಕಾರ್ತದ ಚಿನ್ನ ಬಂದು ಒಂಬತ್ತು ತಿಂಗಳಾಗಿತ್ತು. 1963ರ ಜೂನ್ 11ರಂದು ಅವರು ತೀರಿಕೊಂಡರು. ವಯಸ್ಸು 53. ತರಬೇತುದಾರರಿಗಾಗಿ ದೇಶ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪಿಸುವ ಹೊತ್ತಿಗೆ, 1985ರಲ್ಲಿ, ರಹೀಂ ತೀರಿಕೊಂಡು ಎರಡು ದಶಕಗಳೇ ಸಂದಿದ್ದವು. 2024ರಲ್ಲಿ ಅಜಯ್ ದೇವಗನ್ ಅಭಿನಯದ ಹಿಂದಿ ಚಿತ್ರ ಮೈದಾನ್ ತೆರೆಗೆ ಬಂದ ಬಳಿಕವೇ ಹೊಸ ತಲೆಮಾರು ಅವರ ಹೆಸರು ಕೇಳಿತು.

1962ರ ನಂತರ ಭಾರತ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಗೆದ್ದಿಲ್ಲ. 1970ರ ಬ್ಯಾಂಕಾಕ್ ಕೂಟದಲ್ಲಿ ಕಂಚು ದೊರೆಯಿತು. ಆ ತಂಡಕ್ಕೆ ತರಬೇತಿ ನೀಡಿದವರಲ್ಲಿ ರಹೀಂ ಅವರ ಶಿಷ್ಯ ಪಿ.ಕೆ. ಬ್ಯಾನರ್ಜಿ ಇದ್ದರು. ಮಗ ಹಕೀಂ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, ಅಂತಾರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. ರೋಮ್‌ನಲ್ಲಿ ತಂದೆಯ ತಂಡದಲ್ಲಿದ್ದೂ ಆಡದೆ ಉಳಿದ ಅವರು 2021ರ ಆಗಸ್ಟ್ 22ರಂದು ಕೊನೆಯುಸಿರೆಳೆದದ್ದು ಕರ್ನಾಟಕದಲ್ಲೇ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.